ಭಾಲ್ಕಿಗೆ ಹೋಗಿ ಬಂದ ಮೇಲೆ

ನೌಬಾದ, ಬೀದರ
೨೩ ನವೆಂಬರ್ ೨೦೨೫, ರವಿವಾರ ಮಧ್ಯಾಹ್ನ

ಸಾನಿಕಾಳ ಪಪ್ಪಾ ಅವರಿಗೆ ನಲಿನಿಯ ಪ್ರೀತಿಯ ನಮಸ್ಕಾರಗಳು.

ಹೇಗಿದ್ದೀರಿ? ಔರಾದದಲ್ಲಿ ಚಳಿ ಇಲ್ಲಿಗಿಂತ ಜಾಸ್ತಿ ಎಂದು ನಿಮ್ಮ ಕಾಲೇಜಿನ ಸಿದ್ದೇಶ್ವರ ಸರ್ ಹೇಳಿದರು. ಬೆಳಗಿನ ಕೆಮ್ಮು ಕಡಿಮೆಯಾಯಿತೇ? ಮೆಸ್ಸಿನ ಊಟ ಹೊಟ್ಟೆಗೆ ಹಿಡಿಸುತ್ತಿದೆಯೇ? ನಿಮ್ಮ ಬೂದು ಸ್ವೆಟರ್ ಇಲ್ಲೇ ಕಪಾಟಿನಲ್ಲಿ ಉಳಿದಿತ್ತು. ಒಗೆದವಳು ಸಾನಿಕಾ, ಮಡಿಚಿದವಳು ನಾನು. ಈ ಪತ್ರವನ್ನೂ ಸ್ವೆಟರನ್ನೂ ನಾಳೆ ಬೆಳಗಿನ ಬಸ್ಸಿಗೆ ಸಿದ್ದೇಶ್ವರ ಸರ್ ಕೈಯಲ್ಲಿ ಕಳಿಸುತ್ತೇನೆ. ಫೋನ್ ಇರುವಾಗ ಪತ್ರವೇಕೆ ಎಂದು ನಿಮಗೆ ಅನ್ನಿಸಬಹುದು. ಫೋನಿನಲ್ಲಿ ನೀವು ಗುಳಿಗೆ ತಗೊಂಡೆಯಾ ಎನ್ನುತ್ತೀರಿ, ನಾನು ತಗೊಂಡೆ ಎನ್ನುತ್ತೇನೆ. ಆಮೇಲೆ ನಿಮ್ಮ ಕೋಣೆಯ ಹೊರಗಿನ ಆಟೋ ಸದ್ದು ನನಗೆ ಕೇಳಿಸುತ್ತದೆ, ನಮ್ಮ ಮನೆಯ ಕುಕ್ಕರ್ ಸೀಟಿ ನಿಮಗೆ ಕೇಳಿಸುತ್ತದೆ, ಅಷ್ಟೇ.

ನನ್ನ ದಿನಗಳು ಈಗ ತೇಲಿಕೊಂಡು ಹೋಗುತ್ತಿವೆ. ಊಟ ಮಾಡಿ ಕಿಟಕಿಯ ಪಕ್ಕ ಒರಗಿದರೆ ಕಣ್ಣು ತಾನೇ ಮುಚ್ಚುತ್ತದೆ. ತೆರೆದಾಗ ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂದಿರುತ್ತದೆ. ಬೀದಿಯಲ್ಲಿ ಬೋರೆಹಣ್ಣಿನವಳು ಕೂಗಿದ್ದು ನಿದ್ದೆಯಲ್ಲೋ ಎಚ್ಚರದಲ್ಲೋ ತಿಳಿಯುವುದಿಲ್ಲ. ಆಪರೇಷನ್ನಿನ ದಿನ ಸೂಜಿ ಚುಚ್ಚಿದ ಮೇಲೆ ನಾನು ಎಲ್ಲಿಗೆ ಹೋಗಿದ್ದೆ ಗೊತ್ತೇ? ಅಷ್ಟೂರಕ್ಕೆ. ಮದುವೆಯ ಹೊಸತರಲ್ಲಿ ಹಳೇ ಸ್ಕೂಟರ್ ಮೇಲೆ ಕರೆದುಕೊಂಡು ಹೋಗಿದ್ದಿರಲ್ಲ, ಸುಲ್ತಾನರ ಗೋರಿಯ ಆ ಗುಮ್ಮಟದೊಳಗೆ. ಅಂದು ಮೇಲಿನ ಚಿತ್ತಾರ ನೋಡಿ ನೋಡಿ ನನ್ನ ಕತ್ತು ನೋಯತೊಡಗಿತ್ತು, ನೀವು ಹಿಂದಿನಿಂದ ತಲೆಗೆ ಅಂಗೈ ಆನಿಸಿ ಹಿಡಿದಿದ್ದಿರಿ. ಕನಸಿನಲ್ಲಿ ಆ ಕೆಂಪು, ಆ ಬಂಗಾರದ ಬಳ್ಳಿಗಳು ಒಂದೊಂದಾಗಿ ಕಳಚಿ ಸದ್ದಿಲ್ಲದೆ ನನ್ನ ಮೇಲೆ ಇಳಿಯುತ್ತಿದ್ದವು. ಅಂಗೈ ಹಾಗೇ ಇತ್ತು. ಎಚ್ಚರವಾದಾಗ ನನ್ನ ಹಣೆಯ ಮೇಲೆ ನಿಜವಾಗಿಯೂ ಒಂದು ಕೈ ಇತ್ತು. ಅದು ಪಕ್ಕದ ಮಂಚದ ಅನುಸೂಯಾಬಾಯಿಯವರದು.

ಅವರನ್ನು ನೀವು ನೋಡಿದ್ದೀರಿ, ಮಾತಾಡಿಸಿರಲಿಕ್ಕಿಲ್ಲ. ಭಾಲ್ಕಿಯವರು, ಪ್ರಾಥಮಿಕ ಶಾಲೆಯ ಟೀಚರಾಗಿದ್ದು ನಿವೃತ್ತರಾದವರು. ಎದೆಯ ಇದೇ ಆಪರೇಷನ್ ಅವರಿಗೆ ಹೋದ ವರ್ಷ ಆಗಿತ್ತು. ಈಗ ಆ ಬದಿಯ ಕೈ ಬಾತು ಜ್ವರ ಬಂದಿದ್ದಕ್ಕೆ ದಾಖಲಾಗಿದ್ದರು. ಇನ್ನೊಂದು ಮಂಚದಲ್ಲಿ ಅಂಜುಮ. ಹಳೇ ಬೀದರದ ಹುಡುಗಿ, ಮನೆಯಲ್ಲೇ ಬಟ್ಟೆ ಹೊಲಿಯುವವಳು, ಮೂವತ್ತೂ ತುಂಬಿಲ್ಲ. ನನಗಿಂತ ಸ್ವಲ್ಪ ಮೊದಲು ಅವಳ ಆಪರೇಷನ್ ಆಗಿತ್ತು. ಗಾಯದಿಂದ ನೀರು ಇಳಿಯಲು ಹಾಕಿದ್ದ ಆ ಪ್ಲಾಸ್ಟಿಕ್ ಡಬ್ಬಿ ಇತ್ತಲ್ಲ, ಅದನ್ನು ನೈಟಿಯ ಮರೆಯಲ್ಲಿ ಅಡಗಿಸಿಕೊಂಡು ಬಾಗಿ ನಡೆಯುತ್ತಿದ್ದೆ. ಅಂಜುಮ ಮನೆಯಿಂದ ಬಣ್ಣದ ತುಂಡುಬಟ್ಟೆ ತರಿಸಿ, ಕೂತಲ್ಲೇ ಎರಡು ಚೀಲ ಹೊಲಿದಳು, ಅಂಚಿಗೆ ಸಣ್ಣ ಕನ್ನಡಿ ಕೂಡ ಇಟ್ಟು. ಡಬ್ಬಿಯನ್ನು ಅದರಲ್ಲಿಳಿಸಿ ಹೆಗಲಿಗೆ ಹಾಕಿಕೊಟ್ಟು, “ಬಾಜಿ, ಅಕ್ಕಾ, ಈಗ ಬಜಾರಿಗೆ ಹೊಂಟಂಗ ನಡೀರಿ” ಎಂದಳು. ನಾವು ಮೂವರೂ ವಾರ್ಡಿನ ಉದ್ದಕ್ಕೆ ನಡೆದೆವು. ಸಿಸ್ಟರ್‌ಗಳು ನಕ್ಕರು, ನಾವೂ ನಕ್ಕೆವು. ನಕ್ಕರೆ ಹೊಲಿಗೆ ಎಳೆಯುತ್ತಿತ್ತು, ಆದರೂ ನಗು ನಿಲ್ಲಲಿಲ್ಲ.

ಮನೆಗೆ ಬಂದ ಮೇಲೆ ಆ ನಗು ಎಲ್ಲಿಗೋ ಹೋಯಿತು. ಕಪಾಟಿನ ಕನ್ನಡಿಗೆ ನಾನು ಟವೆಲ್ ಹೊದಿಸಿದ್ದನ್ನು ನೀವು ನೋಡಿದ್ದಿರಿ. ಸ್ನಾನಕ್ಕೆ ಕೂತರೆ ಕಣ್ಣು ಮುಚ್ಚಿಕೊಂಡೇ ನೀರು ಹಾಕಿಕೊಳ್ಳುತ್ತಿದ್ದೆ. ನೀವು ಪಡಸಾಲೆಯಲ್ಲಿ ಮಲಗತೊಡಗಿದಿರಿ, ನಿದ್ದೆಯಲ್ಲಿ ನಿಮ್ಮ ಕೈ ನನ್ನ ಗಾಯಕ್ಕೆ ತಾಗಿಬಿಟ್ಟೀತು ಎಂದಿರಿ. ಆಮೇಲೆ ಪರೀಕ್ಷೆಯ ಕೆಲಸ, ಬಸ್ಸಿನ ತೊಂದರೆ ಎಂದು ಔರಾದದಲ್ಲಿ ಕೋಣೆ ಹಿಡಿದಿರಿ. ಇಷ್ಟು ವರ್ಷ ಅದೇ ಬಸ್ಸಿನಲ್ಲಿ ಹೋಗಿ ಸಂಜೆ ಚಹಾದ ಹೊತ್ತಿಗೆ ಮನೆಯಲ್ಲಿರುತ್ತಿದ್ದವರು ನೀವು. ನಾನು ಏನೂ ಕೇಳಲಿಲ್ಲ. ಕೇಳದಿರಲು ಕಾರಣವಿತ್ತು. ಆಸ್ಪತ್ರೆಯಲ್ಲಿ ಸಿಸ್ಟರ್ ಡಬ್ಬಿ ಖಾಲಿ ಮಾಡುವುದನ್ನು ತೋರಿಸುತ್ತ ನಿಮ್ಮ ಕೈಗೆ ಅಳತೆ ಲೋಟ ಕೊಟ್ಟಾಗ, ನೀವು ಮುಖವನ್ನು ಕಿಟಕಿಯ ಕಡೆ ತಿರುಗಿಸಿದಿರಿ. ಲೋಟ ಇಟ್ಟು ಹೊರಗೆ ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದಿರಿ. ಅದು ಹೇಸಿಕೆ ಎಂದು ನಾನು ತಿಳಿದೆ. ಮುಚ್ಚಿಟ್ಟು ಏನು ಫಲ, ಹಾಗೇ ತಿಳಿದೆ.

ಅನುಸೂಯಾಬಾಯಿ ದಿನಾ ಫೋನ್ ಮಾಡುತ್ತಿದ್ದರು. ಗೋಡೆಯ ಮೇಲೆ ಬೆರಳನ್ನು ಇರುವೆಯ ಹಾಗೆ ಹತ್ತಿಸು, ಇಂದು ಎಲ್ಲಿಗೆ ಮುಟ್ಟಿತೋ ಅಲ್ಲಿ ಪೆನ್ಸಿಲ್ ಗೀಟು ಹಾಕು, ಎಂದು ಹುಡುಗರಿಗೆ ಹೇಳಿದ ಹಾಗೆ ಹೇಳುವರು. ಅಡುಗೆಮನೆಯ ಗೋಡೆ ತುಂಬ ಈಗ ಗೀಟುಗಳಿವೆ, ಬೈಯಬೇಡಿ. ಒಂದು ದಿನ ನನ್ನ ದನಿ ಕೇಳಿ ಅವರಿಗೆ ಏನನ್ನಿಸಿತೋ, ಗುರುವಾರ ಅಂಜುಮಳನ್ನು ಕರೆದುಕೊಂಡು ಭಾಲ್ಕಿಗೆ ಬಾ, ಉಣ್ಣಲಿಕ್ಕೆ ಎಂದರು. ಡಾಕ್ಟರ್ ಹೋಗಿ ಬರಬಹುದು ಎಂದರು. ಸಾನಿಕಾ ನಮ್ಮನ್ನು ರೈಲು ಹತ್ತಿಸಿ ಕಾಲೇಜಿಗೆ ಹೋದಳು. ಕಿಟಕಿಯ ಹೊರಗೆ ಕರಿ ಹೊಲಗಳಲ್ಲಿ ತೊಗರಿ ಹಳದಿಯಾಗಿ ಹೂಬಿಟ್ಟಿತ್ತು, ಅದರಾಚೆ ಕಬ್ಬು. ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ಅಂಜುಮ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಆ ಹಳದಿಯ ಒಳಗೇ ರೈಲು ಹೋಗುತ್ತಿದೆ, ನಾವು ಎಲ್ಲಿಯೂ ಇಳಿಯಬೇಕಾಗಿಲ್ಲ ಎಂಬಂತೆ ಇತ್ತು.

ಸ್ಟೇಷನ್ನಿಗೆ ಅನುಸೂಯಾಬಾಯಿಯವರ ಯಜಮಾನರು ಗೋರಖನಾಥರು ಬಂದಿದ್ದರು. ಮಾತು ಕಡಿಮೆ, ನಮ್ಮಿಬ್ಬರ ಚೀಲಗಳನ್ನೂ ಅವರೇ ಹಿಡಿದರು. ಮನೆಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇತ್ತು. ಉಂಡ ಮೇಲೆ ಅನುಸೂಯಾಬಾಯಿ ಅಂಗಳದ ಬಿಸಿಲಿನಲ್ಲಿ ಮಣೆಯ ಮೇಲೆ ಕೂತರು. ಗೋರಖನಾಥರು ನಮ್ಮೆದುರಿಗೇ, ಯಾವ ಸಂಕೋಚವೂ ಇಲ್ಲದೆ, ಹೆಂಡತಿಯ ತಲೆಗೆ ಎಣ್ಣೆ ಹಚ್ಚಿ ಬಾಚಿ ಜಡೆ ಹಾಕಿದರು. ಬಾತ ಕೈ ತಲೆಯವರೆಗೆ ಏಳುವುದಿಲ್ಲವಲ್ಲ. ಜಡೆ ಸೊಟ್ಟಗಿತ್ತು. ಆಮೇಲೆ ಅವರು ಪೇಟೆಗೆ ಹೋದರು, ನಾವು ಮೂವರೂ ಒಳಕೋಣೆಗೆ ಹೋದೆವು. ಅನುಸೂಯಾಬಾಯಿ ಕುಪ್ಪಸದ ಗುಂಡಿ ಬಿಚ್ಚಿ, “ನೋಡು ತಂಗಿ, ಇಷ್ಟೇ ಅದ” ಎಂದರು.

ಒಂದು ಗೆರೆ, ಕಂಕುಳಿನಿಂದ ಎದೆಯ ನಡುವಿನವರೆಗೆ, ಮಾಸಿ ಚರ್ಮದ ಬಣ್ಣಕ್ಕೆ ಬಂದಿತ್ತು. ನಾನು ಎಷ್ಟು ಹೊತ್ತು ನೋಡಿದೆನೋ. ಆಮೇಲೆ ಅಂಜುಮ ತನ್ನದನ್ನು ತೋರಿಸಿದಳು. ನನ್ನ ಹುಕ್ಕುಗಳನ್ನು ಅವಳೇ ತೆಗೆದಳು. ಓಣಿಯಲ್ಲಿ ಯಾರದೋ ಆಡು ಕೂಗುತ್ತಿತ್ತು. ನಾನು ತಲೆ ಬಗ್ಗಿಸಿ ನನ್ನನ್ನು ನೋಡಿಕೊಂಡೆ, ಮೊದಲ ಸಲ. ಗೆರೆ ಇನ್ನೂ ಕೆಂಪಗಿದೆ, ಹೊಲಿಗೆಯ ಗುರುತುಗಳಿವೆ. ಎಡಗಡೆ ಚಪ್ಪಟೆಯಾದ ತೆಳ್ಳನೆಯ ಚರ್ಮದ ಕೆಳಗೆ ಎದೆ ಬಡಿಯುವುದು ಕಣ್ಣಿಗೆ ಕಾಣುತ್ತದೆ. ಅದನ್ನೇ ನೋಡುತ್ತ ನಿಂತೆ. ನೀರಿನೊಳಗಿಂದ ಏನೋ ಮೆಲ್ಲಗೆ ತಟ್ಟಿದಂತೆ, ಒಂದೇ ಸಮನೆ.

ಅತ್ತು ಮುಗಿದ ಮೇಲೆ, ನಿಮ್ಮವರು ನೋಡಿದರೇ ಎಂದು ಕೇಳಿದೆ. ಅನುಸೂಯಾಬಾಯಿ ನಕ್ಕರು. ಮೊದಲ ಸಲ ನೋಡಿದವರೇ ಚಪ್ಪಲಿ ಮೆಟ್ಟಿಕೊಂಡು ಹೊರಟು, ಪೇಟೆಯಿಂದ ಚೀಲದ ತುಂಬ ಬದನೆಕಾಯಿ ತಂದರಂತೆ. ಮನೆಯಲ್ಲಿ ಬದನೆಕಾಯಿ ತಿನ್ನುವವರೇ ಇಲ್ಲ. ಮಾರನೆಯ ದಿನವೂ ಬದನೆಕಾಯಿ. ಮೂರನೆಯ ದಿನ ಇವರು ಬಾಗಿಲಿಗೆ ಅಡ್ಡ ನಿಂತು ಕೇಳಿಯೇಬಿಟ್ಟರಂತೆ. “ನಾನೂ ಹೇಸಿಕಿ ಅಂತಲೇ ತಿಳಕೊಂಡಿದ್ದೆ. ಅಲ್ಲ ತಂಗಿ, ಹೆದರಿಕಿ. ನಾ ಸಾಯ್ತೇನಿ ಅಂತ ಆ ಮನುಷ್ಯ ಹೆದರಿ ಹೋಗಿದ್ದ. ಕೇಳಿದ ಮ್ಯಾಲ ಗೊತ್ತಾತು. ನೀ ಕೇಳೀಯೇನು?”

ನಾನು ಕೇಳಿರಲಿಲ್ಲ. ತಿರುಗಿ ಬರುವಾಗ ರೈಲಿನಲ್ಲಿ ಸಂಜೆಯ ಬಿಸಿಲು ಮಡಿಲಲ್ಲಿ ಬಿದ್ದಿತ್ತು, ನನಗೆ ಅರೆನಿದ್ದೆ. ಆ ನಿದ್ದೆಯಲ್ಲಿ ನಿಮ್ಮ ಕೈಯ ಅಳತೆ ಲೋಟ ಮತ್ತೆ ಕಂಡಿತು. ನಿಮ್ಮ ಮುಖವನ್ನೇ ನೋಡುತ್ತಿದ್ದ ನಾನು ಅಂದು ಲೋಟವನ್ನು ಸರಿಯಾಗಿ ನೋಡಿರಲಿಲ್ಲ. ಅದು ನಡುಗುತ್ತಿತ್ತು. ನಡುಗಿ ನಡುಗಿ ಮಂಚದ ಕಬ್ಬಿಣಕ್ಕೆ ತಾಗಿ ಟಿಣ್ ಟಿಣ್ ಎನ್ನುತ್ತಿತ್ತು. ಅದು ನಡೆದದ್ದೋ ಕನಸೋ ಎಂದು ನನಗೆ ಈಗ ಖಾತ್ರಿಯಿಲ್ಲ. ನಿಮಗೆ ಗೊತ್ತಿರುತ್ತದೆ.

ಕನ್ನಡಿಯ ಟವೆಲ್ ತೆಗೆದಿದ್ದೇನೆ. ಮುಂದಿನ ತಿಂಗಳಿನಿಂದ ಕೀಮೋ. ಕೂದಲು ಉದುರಿದರೆ ಟೋಪಿ ಹೊಲಿದುಕೊಡುತ್ತೇನೆ ಎಂದು ಅಂಜುಮ ಈಗಲೇ ಅಳತೆ ತೆಗೆದುಕೊಂಡಿದ್ದಾಳೆ. ಅವಳ ಕೀಮೋ ಕೂಡ ಅದೇ ವಾರ, ಅಕ್ಕಪಕ್ಕದ ಕುರ್ಚಿ ಕೇಳಿಕೊಳ್ಳುತ್ತೇವೆ. ಸಾನಿಕಾ ಚೆನ್ನಾಗಿದ್ದಾಳೆ, ನಿಮ್ಮ ಕೆಮಿಸ್ಟ್ರಿ ಅವಳ ತಲೆಗೆ ಹತ್ತುತ್ತಿಲ್ಲ. ಔರಾದದ ನಿಮ್ಮ ಮನೆ ಮಾಲೀಕರಿಗೂ ಅವರ ತಾಯಿಯವರಿಗೂ ನನ್ನ ನಮಸ್ಕಾರ ತಿಳಿಸಿ. ಸ್ವೆಟರ್ ಹಾಕಿಕೊಳ್ಳಿ.

ನಿಮ್ಮ
ನಲಿನಿ

ತಾ.ಕ.: ಸಿದ್ದೇಶ್ವರ ಸರ್ ಬಾಗಿಲಲ್ಲಿ ನಿಂತಿದ್ದಾರೆ, ಬೆಳಿಗ್ಗೆ ಬೇಗ ಹೊರಡಬೇಕೆಂದು ಈಗಲೇ ಒಯ್ಯಲು ಬಂದಿದ್ದಾರೆ. ಬುಧವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ, ಕೈಗೆ ಬಾವು ಬರದಂತೆ ಹೇಗೆ ನೀವಬೇಕು ಎಂದು ಕಲಿಸುತ್ತಾರೆ. ಕೈಯನ್ನೂ ಗಾಯದ ಸುತ್ತಲೂ ದಿನಾ ಮೆಲ್ಲಗೆ ನೀವಬೇಕಂತೆ. ಮನೆಯವರೊಬ್ಬರು ಬಂದು ಕಲಿಯಬೇಕು. ಸಾನಿಕಾ ನಾನು ಬರ್ತೇನಿ ಎಂದಳು, ಬ್ಯಾಡ ಎಂದೆ. ಯಾರು ಬರ್ತಾರ್ರಿ ಎಂದು ಸಿಸ್ಟರ್ ಕೇಳಿದಾಗ ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದ್ದೇನೆ, ಭಾಲಚಂದ್ರ ಎಂದು. ಹೇಸಿಕೆಯಾಗಿದ್ದರೆ ಬರಬೇಡಿ, ನನಗೆ ತಿಳಿಯುತ್ತದೆ. ಹೆದರಿಕೆಯಾಗಿದ್ದರೆ ಹೆದರಿಕೊಂಡೇ ಬನ್ನಿ. ನಾನೂ ಹೆದರಿದ್ದೇನೆ.