ಬೀದಿಗೆಲ್ಲ ಹರ್ನಿಯಾ ಅಂದಿದ್ದೆ

ಕುರುಬರಹಳ್ಳಿ
ಶನಿವಾರ, ೧೫ ನವೆಂಬರ್ ೨೦೨೫

ಚಿ॥ ಕು॥ ತನ್ಮಯಿಗೆ ನಿನ್ನಮ್ಮನ ಆಶೀರ್ವಾದ.

ಇಷ್ಟು ಬರೆಯುವುದಕ್ಕೇ ಹೊತ್ತು ಹಿಡಿಯಿತು. ನಿನ್ನನ್ನು ಮಗಳೇ ಅಂತ ಕರೆಯಲು ಶುರುಮಾಡಿ ವರ್ಷವಾಯಿತು, ಆದರೆ ಅದೆಲ್ಲ ಬಾಗಿಲು ಹಾಕಿಕೊಂಡು ಕರೆದದ್ದು. ನೀನು ಆರಿಸಿಕೊಂಡ ಹೆಸರನ್ನು ಕೈಯಾರೆ ಬರೆದದ್ದು ಇದೇ ಮೊದಲು. ನೀನು ಹುಟ್ಟಿದಾಗ ನಾವಿಟ್ಟ ಗಂಡು ಹೆಸರನ್ನು ಈ ಕಾಗದದಲ್ಲಿ ಎಲ್ಲೂ ಬರೆಯುವುದಿಲ್ಲ, ಹೆದರದೆ ಓದು.

ಬುಧವಾರದಿಂದ ನೀನು ಫೋನ್ ಎತ್ತುತ್ತಿಲ್ಲ. ನಿನ್ನ ಗೆಳತಿ ರಕ್ಷಾಗೆ ಮಾಡಿದರೆ, "ಅವಳಿಗೆ ಮಾತಾಡೋಕೆ ಇಷ್ಟ ಇಲ್ಲ ಆಂಟಿ, ಸೋಮವಾರ ಡಿಸ್ಚಾರ್ಜ್ ಮಾಡಿಸ್ಕೊಂಡು ಕೆಂಗೇರೀಲಿ ನನ್ನ ರೂಮಿಗೇ ಕರ್ಕೊಂಡ್ ಹೋಗ್ತೀನಿ" ಅಂದಳು. ಒಳ್ಳೆಯ ಹುಡುಗಿ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅವಳ ರೂಮು ಮೂರನೇ ಮಹಡಿ, ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಕತ್ತಲಾದ ಮೇಲೆ. ಹಸಿ ಹೊಲಿಗೆ ಇಟ್ಟುಕೊಂಡು ಮಲಗಿರುವ ನಿನಗೆ ಒಂದು ಲೋಟ ಬಿಸಿನೀರು ಕೊಡುವವರು ಯಾರು? ತಿಂಗಳಾದರೂ ಯಾರಾದರೂ ಜೊತೆಗಿರಬೇಕು ಅಂತ ಡಾಕ್ಟರು ನನ್ನೆದುರಿಗೇ ಹೇಳಿದ್ದಾರೆ. ನೀನು ಮನೆಗೇ ಬರಬೇಕು. ಅದನ್ನು ಕೇಳುವುದಕ್ಕೆ ಈ ಕಾಗದ. ಕೇಳುವ ಮುಖ ನನಗಿಲ್ಲ ಅಂತಲೂ ಗೊತ್ತು, ಅದಕ್ಕೇ ನಾನು ಬಾರದೆ ರಕ್ಷಾ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ.

ಆಪರೇಷನ್ನಿಗೆ ಮುಂಚೆ ನೀನು ಅಡುಗೆಮನೆ ಕಟ್ಟೆಯ ಮೇಲೆ ಕೂತು, "ಬೀದಿ ಹೆಣ್ಮಕ್ಕಳಿಗೆಲ್ಲ ಬಾಣಂತನ ಮಾಡಿದೀಯ, ನಂಗೂ ಮಾಡ್ತೀಯಾ ಅಮ್ಮ?" ಅಂದಿದ್ದೆ. ಮಗು ಹೆತ್ತವಳಿಗೆ ಮಾಡುವುದನ್ನೆಲ್ಲ ನಿನಗೂ ಮಾಡುತ್ತೇನೆ ಅಂತ ನಗುತ್ತಾ ಮಾತು ಕೊಟ್ಟಿದ್ದೆ. ಪಕ್ಕದ ಮನೆ ಪುಟ್ಟಲಕ್ಷ್ಮಿಯ ಮಗಳು ಕುಸುಮಾಗೆ ನೀರು ಹಾಕಿದ ಕೈ ಇದು, ಹೆಮ್ಮೆ ಬೇರೆ. ಆದರೆ ನೀನು ಆಸ್ಪತ್ರೆ ಸೇರಿದ ಮೇಲೆ ಅದೇ ಪುಟ್ಟಲಕ್ಷ್ಮಿ, "ನಿನ್ನ ಮಗ ಯಾಕೆ ಈ ಕಡೆ ಬಂದೇ ಇಲ್ಲ?" ಅಂತ ಕೇಳಿದಾಗ ನನ್ನ ಬಾಯಿಗೆ ಬಂದದ್ದು ಹರ್ನಿಯಾ. ಹರ್ನಿಯಾ ಅಂದರೆ ಎಲ್ಲಿ, ಹೇಗೆ ಅಂತ ಯಾರೂ ಬಿಡಿಸಿ ಕೇಳುವುದಿಲ್ಲ ಅಂತ ನನ್ನ ಜಾಣತನ. ಮನೆಗೆ ಬರುವಾಗ ಕೂದಲು ಕಟ್ಟಿ, ಟೋಪಿ ಹಾಕಿಕೊಂಡು, ಹಳೇ ಪ್ಯಾಂಟು ಷರಟಿನಲ್ಲೇ ಬಾ ಅಂತ ನಿನಗೆ ಹೇಳುತ್ತಿದ್ದವಳೂ ನಾನೇ ಅಲ್ಲವೇ? ಅದೇ ಬುದ್ಧಿ.

ಸುಳ್ಳು ಹೇಳುವಾಗ ನಮ್ಮ ಬೀದಿಯಾದರೂ ನೆನಪಾಗಬೇಕಿತ್ತು. ನಮ್ಮಲ್ಲಿ ಆಪರೇಷನ್ ಅಂದರೆ ಹೋಗಿ ನೋಡಿಕೊಂಡು ಬರಲೇಬೇಕು. ಡೆಂಗಿ ಜ್ವರದವರಿಗೂ ಬ್ರೆಡ್ಡು, ಮೂಸಂಬಿ, ಎಳನೀರು ಹೊತ್ತು ಹೋಗುವ ಜನ ನಾವು. ಯಾರಾದರೂ ಹೋಗದಿದ್ದರೆ ಅವರ ಮನೆ ಮುಂದೆ ನಿಂತು ಆಡಿಕೊಂಡವಳು ನಾನು. ವಾರ್ಡಿಗೆ ಯಾರನ್ನೂ ಬಿಡುವುದಿಲ್ಲ, ಇನ್ಫೆಕ್ಷನ್ ಆಗುತ್ತೆ ಅಂತ ಒಂದಷ್ಟು ದಿನ ತಳ್ಳಿದೆ. ಬುಧವಾರ ನಮ್ಮ ಬೀದಿಯ ಭೈರೇಶ ತನ್ನ ಓಮ್ನಿ ತಂದು ಬಾಗಿಲಿಗೇ ನಿಲ್ಲಿಸಿದ. ಒಂದು ದಿನ ನನ್ನನ್ನು ಊಟದ ಕ್ಯಾರಿಯರ್ ಸಮೇತ ಆಸ್ಪತ್ರೆ ಗೇಟಿನವರೆಗೆ ಬಿಟ್ಟಿದ್ದವನು ಅವನು, ಜಾಗ ಗೊತ್ತಿಲ್ಲ ಅನ್ನುವ ಹಾಗೂ ಇಲ್ಲ. ಒಳಗೆ ಪುಟ್ಟಲಕ್ಷ್ಮಿ, ಕುಸುಮಾ, ಕಾಲಿಡಲು ಜಾಗವಿಲ್ಲದಷ್ಟು ಎಳನೀರು. "ಹತ್ತಿ ಅಕ್ಕ, ಲೇಟಾಯ್ತು" ಅಂದ.

ಹತ್ತಿದೆ. ದಾರಿಯಲ್ಲಿ ಏನಾದರೂ ಉಪಾಯ ಹೊಳೆಯುತ್ತೆ ಅಂದುಕೊಂಡೆ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಅಷ್ಟು ಹೊತ್ತು ನಿಂತಿದ್ದೆವು, ಏನೂ ಹೊಳೆಯಲಿಲ್ಲ.

ಆಸ್ಪತ್ರೆ ಕೌಂಟರಿನಲ್ಲಿ ಪುಟ್ಟಲಕ್ಷ್ಮಿ ಆ ಹಳೇ ಹೆಸರು ಹೇಳಿದಳು. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ ಆ ಹೆಸರಿನ ಪೇಷಂಟ್ ಇಲ್ಲ ಅಂದಳು. ಭೈರೇಶ ಬಿಡಬೇಕಲ್ಲ, ಎತ್ತರಕ್ಕಿದಾನೆ, ಉದ್ದ ಕೂದ್ಲು, ಹರ್ನಿಯಾ ಕೇಸು ಅಂತ ಗುರುತು ಹೇಳತೊಡಗಿದ. ಆ ಹುಡುಗಿ ನನ್ನ ಮುಖ ನೋಡಿದಳು. ದಿನಾ ಕ್ಯಾರಿಯರ್ ಹಿಡಿದು ಬರುವ ನನ್ನ ಗುರುತು ಅವಳಿಗಿಲ್ಲವೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಸರಿಮಾಡಿಕೊಂಡೆ. ಅವಳು ಮಾತ್ರ ನನ್ನನ್ನು ಬಿಟ್ಟುಕೊಡಲಿಲ್ಲ. "ಪೇಷಂಟ್ ವಿಷ್ಯ ಯಾರಿಗೂ ಹೇಳೋ ಹಾಗಿಲ್ಲ ಅಣ್ಣ, ಕಾನೂನು" ಅಂದಳು. ನಾವು ಯಾರೋ ಅಲ್ಲ, ಎತ್ತಿ ಆಡಿಸಿದವರು ಅಂತ ಪುಟ್ಟಲಕ್ಷ್ಮಿ ಜಗಳಕ್ಕೇ ನಿಂತಳು. ಯಾರಾದರೂ ಅಷ್ಟೇ ಅಂದಳು ಹುಡುಗಿ.

ಅವಳ ಹಿಂದಿನ ಗೋಡೆಯಲ್ಲಿ ರೋಗಿಯ ಹಕ್ಕುಗಳು ಅಂತ ಕನ್ನಡದಲ್ಲೇ ದೊಡ್ಡ ಬೋರ್ಡು. ಎಷ್ಟು ದಿನ ಅದರ ಎದುರಿಗೇ ಕೂತಿದ್ದರೂ ಓದಿರಲಿಲ್ಲ. ಯಾರ ಕಣ್ಣಿಗೂ ಕಣ್ಣು ಕೊಡಲಾರದೆ ಆವತ್ತು ಅದನ್ನೇ ಓದಿದೆ. ರೋಗಿಯ ವಿಷಯ ಗುಟ್ಟಾಗಿಡಬೇಕು, ಗೌರವದಿಂದ ನೋಡಿಕೊಳ್ಳಬೇಕು, ಗಂಡು ಹೆಣ್ಣು ಜಾತಿ ಅಂತ ಭೇದ ಮಾಡಬಾರದು ಅಂತೆಲ್ಲ ಇತ್ತು. ಮೊದಲ ದಿನ ಡಾಕ್ಟರು, ಅವಳು ವಯಸ್ಸಿಗೆ ಬಂದವಳು, ಅವಳ ಒಪ್ಪಿಗೆಯೊಂದೇ ಸಾಕು, ನಿಮ್ಮ ಸಹಿ ಬೇಡ ಅಂದಾಗ ನನಗೆ ಎಷ್ಟು ಸಿಟ್ಟು ಬಂದಿತ್ತು ನೆನಪಿದೆಯಾ? ಹೆತ್ತವಳನ್ನು ಆಚೆ ನಿಲ್ಲಿಸುವ ಕಾನೂನು ಯಾವ ಸೀಮೆಯದು ಅಂತ ಕೂಗಾಡಿದ್ದೆ. ಹೆತ್ತವಳಿಂದಲೂ ಕಾಪಾಡಬೇಕಾಗುತ್ತೆ ಅಂತ ಅದನ್ನು ಬರೆದವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಆ ಹುಡುಗಿ ಅಷ್ಟು ಗಟ್ಟಿಯಾಗಿ ನಿಂತಿದ್ದಾಗ ನಾನು ಸುಮ್ಮನಿದ್ದಿದ್ದರೂ ಸಾಕಿತ್ತು. ಸುಮ್ಮನಿರಲಿಲ್ಲ. ಆಸ್ಪತ್ರೆ ಇದಲ್ಲ ಕಣ್ರೇ, ನಂಗೇ ಗಲಿಬಿಲಿ ಆಯ್ತು, ನಡೀರಿ ಅಂದುಬಿಟ್ಟೆ. ತನ್ನ ಮಗು ಯಾವ ಆಸ್ಪತ್ರೆಯಲ್ಲಿದೆ ಅಂತ ಗೊತ್ತಿಲ್ಲದ ತಾಯಿಯನ್ನು ಅವರು ಹೇಗೆ ನೋಡಿದರು ಅಂತ ಏನು ಹೇಳಲಿ. ಆಗಲೇ ನೀನು ನರ್ಸಮ್ಮನ ತೋಳು ಹಿಡಿದು ಆ ಕಡೆ ವರಾಂಡದಲ್ಲಿ ನಡೆದಾಡುತ್ತಿದ್ದೆಯಂತೆ. ನನ್ನ ಬೆನ್ನು ನೋಡಿ ಎರಡು ಸಲ ಅಮ್ಮಾ ಅಂತ ಕರೆದೆ ಅಂತ ರಕ್ಷಾ ಹೇಳಿದಳು. ಲಿಫ್ಟಿನ ಸದ್ದು, ಭೈರೇಶನ ಗೊಣಗಾಟ, ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ ಕಣೇ. ಕೇಳಿಸಿದ್ದರೆ ತಿರುಗುತ್ತಿರಲಿಲ್ಲವೇ?

ವಾಪಸು ಬರುವಾಗ ಓಮ್ನಿಯಲ್ಲಿ ಪುಟ್ಟಲಕ್ಷ್ಮಿ ನನ್ನ ಕೈ ಹಿಡಿದುಕೊಂಡು ಅತ್ತಳು. "ಏನಿದ್ರೂ ಹೇಳು ವಿಮಲಕ್ಕ, ಕ್ಯಾನ್ಸರಾ?" ಅಂದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಹರ್ನಿಯಾಗಿಂತ ಅದೇ ವಾಸಿ ಅಂತ ಒಂದು ಗಳಿಗೆ ನನಗೆ ಅನ್ನಿಸಿತು, ನನ್ನ ನಾಲಿಗೆಗೆ ಹುಳ ಬೀಳ. ಮಾರನೆಯ ದಿನ ಅವಳು ಉಪವಾಸವಿದ್ದು ನಿನಗಾಗಿ ಮುಡಿಪು ಕಟ್ಟಿದಳು. ಎಳನೀರೆಲ್ಲ ನಮ್ಮ ಜಗುಲಿಯಲ್ಲೇ ಬಿದ್ದಿದೆ. ಅವುಗಳನ್ನು ದಾಟಿ ಹೋಗಿ ಬರುವಾಗೆಲ್ಲ ನಾಚಿಕೆಯಿಂದ ಸಾಯುತ್ತೇನೆ. ನಿನ್ನ ವಿಷಯಕ್ಕೆ ನಾಚಿಕೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ, ಈಗ ಅದು ನನ್ನ ವಿಷಯಕ್ಕೇ.

ಇವತ್ತು ಬೆಳಿಗ್ಗೆ ಎದ್ದು ಬಾಣಂತಿ ಖಾರಕ್ಕೆ ಮೆಣಸು, ಓಮ, ಒಣಶುಂಠಿ ಹುರಿಯಲು ಕೂತೆ. ಆ ಘಾಟು ನಮ್ಮ ಬೀದಿಗೆ ಗೊತ್ತಿರುವ ಘಾಟು. ಪುಟ್ಟಲಕ್ಷ್ಮಿ ಮೂಗು ಮುಚ್ಚಿಕೊಂಡೇ ಒಳಗೆ ಬಂದು, "ಯಾರಿಗೆ ಬಾಣಂತನ?" ಅಂದಳು. ನನ್ನ ಮಗಳಿಗೆ ಅಂದೆ. ನಿನಗೆಲ್ಲಿಯ ಮಗಳು ಅಂದಳು. ಬಾಣಲೆಯಿಂದ ತಲೆ ಎತ್ತದೆ ಎಲ್ಲ ಹೇಳಿದೆ. ನೀನು ಹೈಸ್ಕೂಲಿನಲ್ಲೇ ನಾನು ಹುಡುಗಿ ಅಂತ ನನ್ನ ಹತ್ತಿರ ಹೇಳಲು ಬಂದದ್ದು, ನಾನು ಬಾಯಿ ಮುಚ್ಚಿಸಿದ್ದು, ಈಗ ಆಪರೇಷನ್ ಆದದ್ದು, ನಿನ್ನ ಹೆಸರು ತನ್ಮಯಿ ಅನ್ನುವುದು. ಮೆಣಸು ಸೀದುಹೋಯಿತು. ಅವಳೇ ಎದ್ದು ಒಲೆ ಆರಿಸಿ, "ನಂಗೇನೂ ಅರ್ಥ ಆಗ್ಲಿಲ್ಲ. ಸಾಯೋ ಕಾಯಿಲೆ ಅಲ್ಲ ತಾನೇ, ಅಷ್ಟು ಹೇಳು" ಅಂದಳು. ಅಲ್ಲ ಅಂದೆ. ಕಾಫಿ ಕುಡಿಯದೆ ಎದ್ದುಹೋದಳು, ಇನ್ನೂ ಈ ಕಡೆ ತಲೆ ಹಾಕಿಲ್ಲ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿರುತ್ತೆ.

ನಿಮ್ಮಪ್ಪನ ವಿಷಯವನ್ನು ಸಕ್ಕರೆ ಬೆರೆಸಿ ಬರೆಯುವುದಿಲ್ಲ. ಅವರು ನನ್ನ ಹತ್ತಿರವೂ ಮಾತು ಬಿಟ್ಟಿದ್ದಾರೆ, ಪೇಪರನ್ನು ಮುಖಕ್ಕೆ ಹಿಡಿದು ಕೂರುತ್ತಾರೆ. ಆದರೆ ನಿನ್ನೆ ಪ್ಲಂಬರ್ ದ್ಯಾಮಪ್ಪನನ್ನು ಕರೆಸಿ ಕೆಳಗಿನ ಬಚ್ಚಲಿಗೆ ಕಮೋಡು ಕೂರಿಸಲು ಹೇಳಿದ್ದಾರೆ. ಸೋಮವಾರದೊಳಗೆ ಮುಗಿಸಬೇಕಂತೆ.

ಸೋಮವಾರ ಅದೇ ಕೌಂಟರಿಗೆ ಬರುತ್ತೇನೆ. ತನ್ಮಯಿ ಅನ್ನುವ ಹೆಸರು ಹೇಳುತ್ತೇನೆ, ನಾನು ಅವಳ ತಾಯಿ ಅನ್ನುತ್ತೇನೆ, ಸುತ್ತ ಯಾರಿದ್ದರೂ ಸರಿ. ಇವಳನ್ನು ಒಳಗೆ ಬಿಡಬೇಡಿ ಅಂತ ನೀನು ಮೊದಲೇ ಹೇಳಿದ್ದರೆ ಆ ಹುಡುಗಿ ಬಿಡುವುದಿಲ್ಲ. ಅದು ನಿನ್ನ ಹಕ್ಕು, ನಾನು ಜಗಳ ಆಡುವುದಿಲ್ಲ. ಅಲ್ಲೇ ಕೂತಿರುತ್ತೇನೆ. ನೀನು ಮನೆಗೆ ಬಂದರೆ, ಖಾರ ಕೊಡಬಹುದಾ, ನೀರು ಹಾಕಬಹುದಾ ಅಂತ ಡಾಕ್ಟರನ್ನು ಕೇಳಿಯೇ ಮಾಡುತ್ತೇನೆ. ಟೋಪಿ ತರಬೇಡ.

ಇಂತಿ,
ನಿನ್ನನ್ನು ಹೆತ್ತ
ವಿಮಲಮ್ಮ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಕಾಗದ ಮಡಚಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಬುಧವಾರ ನೀನು ಕರೆದದ್ದು ನನಗೆ ಕೇಳಿಸಿತ್ತು. ಮೊದಲನೇ ಸಲವೇ ಕೇಳಿಸಿತ್ತು. ಎರಡನೇ ಸಲ ಕರೆದಾಗ ಪುಟ್ಟಲಕ್ಷ್ಮಿ ತಿರುಗಿ ನೋಡಿ, ಪಾಪ, ಯಾವುದೋ ಹುಡುಗಿ ಅವರಮ್ಮನ್ನ ಕರೀತಾವ್ಳೆ ಅಂದಳು. ಯಾರ ಮಗಳೋ ಏನೋ, ನಡಿ ಅಂದವಳು ನಾನು.