ನೀರು ಆರೂವರೆ ಡಿಗ್ರಿ

ಬಂದರು ಕಚೇರಿ, ಹಿಂದಿನ ಕೋಣೆ
ಭಾನುವಾರ, ಫೆಬ್ರವರಿ ೨೩

ಪ್ರೀತಿಯ ಅಪ್ಪನಿಗೆ,

ಕಣ್ಣಿನ ಪಟ್ಟಿ ಬಿಚ್ಚಿದರೇ? ಉರಿ ಕಡಿಮೆಯಾಯಿತೇ? ಬೆಳಕಿಗೆ ಮುಖ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರೂ ನೀವು ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳುವುದಿಲ್ಲವಂತೆ, ಅಣ್ಣ ಫೋನಿನಲ್ಲಿ ದೂರು ಹೇಳಿದ. ನಾನು ಫೋನಿನಲ್ಲಿ ಹೇಳಿದ್ದನ್ನು ಅವನು ಅರ್ಧ ನುಂಗಿ ನಿಮಗೆ ಮುಟ್ಟಿಸುತ್ತಾನೆ. ಅದಕ್ಕೇ ಈ ಪತ್ರ. ಅತ್ತಿಗೆ, ಓದಿ ಹೇಳುತ್ತಿರುವವರು ನೀವೇ ಎಂದು ಗೊತ್ತು. ಒಂದಕ್ಷರವನ್ನೂ ಬಿಡಬೇಡಿ, ಅಪ್ಪನಿಗೆ ಬೇಸರವಾಗುತ್ತದೆಂದು ಮಧ್ಯೆ ಹಾರಿಸಲೂ ಬೇಡಿ.

ನೀವು ಕಣ್ಣಿಗೆಂದು ರಜೆ ಹಾಕಿ ನನಗೆ ಬಿಟ್ಟುಹೋದ ಕೆಲಸವನ್ನು ನೀವು ಕಲಿಸಿದಂತೆಯೇ ಮಾಡುತ್ತಿದ್ದೇನೆ. ದಿನಾ ಬೆಳಿಗ್ಗೆ ಏಳಕ್ಕೆ ಜೆಟ್ಟಿಯ ತುದಿಗೆ ಹೋಗಿ, ಬಕೆಟ್ಟನ್ನು ಒಮ್ಮೆ ಸಮುದ್ರದ ನೀರಿನಲ್ಲೇ ತೊಳೆದು, ಮತ್ತೆ ಇಳಿಬಿಟ್ಟು ಎತ್ತಿ, ಥರ್ಮಾಮೀಟರನ್ನು ನೀರಿನಿಂದ ಹೊರತೆಗೆಯದೆ ಓದುತ್ತೇನೆ. ಮೇಲೆ ಬಂದ ನೀರು ಗಾಳಿಯ ಮಾತು ಕೇಳಲು ಶುರುಮಾಡುತ್ತದೆ ಎನ್ನುತ್ತಿದ್ದಿರಲ್ಲ, ಅದಕ್ಕೆ ಹೆದರಿ ಮೊದಲ ವಾರ ಉಸಿರು ಬಿಗಿಹಿಡಿದೇ ಓದಿದೆ. ಈ ತಿಂಗಳು ಬಿಸಿಲು ಚೆನ್ನಾಗಿದೆ. ಜನ ಸ್ವೆಟರ್ ಕಳಚಿ ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದಾರೆ. ನೀರಿನ ಡಿಗ್ರಿ ಮಾತ್ರ ಇಳಿಯುತ್ತಲೇ ಇದೆ. ಚಳಿ ನೆಲದಿಂದ ಎದ್ದು ಹೋದ ಮೇಲೂ ಈ ಉತ್ತರದ ಸಮುದ್ರದಲ್ಲಿ ಒಂದು ತಿಂಗಳು ಕೂತಿರುತ್ತದೆ ಎಂದು ನೀವು ಹೇಳಿದಾಗ ನಂಬಿರಲಿಲ್ಲ, ಈಗ ನನ್ನ ಬೆರಳುಗಳೇ ಹೇಳುತ್ತಿವೆ.

ಕಳೆದ ಸೋಮವಾರ ಆರೂವರೆ ಡಿಗ್ರಿ ಇತ್ತು. ರಿಜಿಸ್ಟರಿನಲ್ಲಿ ಹಾಗೆಯೇ ಬರೆದೆ. ಹತ್ತು ನಿಮಿಷದಲ್ಲಿ ಸೂಪರಿಂಟೆಂಡೆಂಟರು ತಮ್ಮ ಕೋಣೆಗೆ ಕರೆಸಿದರು. ಹೊಸ ಜೆಟ್ಟಿಯ ಕಂಬಗಳ ಬುಡದ ಕೆಲಸ ಉದ್ಘಾಟನೆಗೆ ಮೊದಲು ಮುಗಿಯಬೇಕು. ಎಂಟು ಡಿಗ್ರಿಗಿಂತ ಕಡಿಮೆಯಿದ್ದರೆ ನೀರು ಒಳಸೇರದ ದಪ್ಪ ಉಡುಪಿಲ್ಲದೆ ಮುಳುಗುಗಾರರನ್ನು ಇಳಿಸುವಂತಿಲ್ಲವೆಂಬುದು ನಮ್ಮ ಕಚೇರಿಯದೇ ನಿಯಮ. ಆ ಉಡುಪುಗಳು ರಿಪೇರಿಗೆ ಹೋಗಿ ಎರಡು ತಿಂಗಳಾಯಿತು. ಅವರು ಕಿಟಕಿಯತ್ತ ಕೈ ತೋರಿಸಿ, "ಹೊರಗೆ ಬಿಸಿಲು ನೋಡಮ್ಮ. ಹತ್ತು ಅಂತ ಬರಿ, ನೀರೇನು ಬಂದು ಜಗಳ ಆಡುತ್ತಾ?" ಎಂದರು. "ನೀರು ಆಡಲ್ಲ ಸಾರ್, ಇಳಿದೋರ ಹೆಂಡತಿ ಮಕ್ಕಳು ಆಡ್ತಾರೆ" ಎಂದೆ. ಅವರ ಮುಖ ಕೆಂಪಾಯಿತು. ನಾನು ರಿಜಿಸ್ಟರನ್ನು ಎದೆಗವಚಿಕೊಂಡು ಹೊರಗೆ ಬಂದೆ. ಅಲ್ಲಿಗೆ ಮುಗಿಯಿತು ಎಂದುಕೊಂಡದ್ದು ನನ್ನ ದಡ್ಡತನ.

ಮಾರನೆಯ ದಿನ ಅವರು ನನ್ನ ರಿಜಿಸ್ಟರನ್ನು ಕೇಳಲೇ ಇಲ್ಲ. ಹತ್ತು ಡಿಗ್ರಿ ಎಂದು ಚೀಟಿ ಟೈಪ್ ಮಾಡಿಸಿ ನೇರವಾಗಿ ಜೆಟ್ಟಿಗೆ ಕಳಿಸಿದರು. ಟೈಪಿಸ್ಟ್ ಅಕ್ಕ ಊಟದ ಡಬ್ಬಿ ತೆರೆಯುತ್ತ ಆ ವಿಷಯ ಹೇಳಿದಳು. ಚಪ್ಪಲಿ ಎಲ್ಲಿ ಬಿಟ್ಟೆನೋ ನೆನಪಿಲ್ಲ, ಜೆಟ್ಟಿಗೆ ಓಡಿದೆ. ನಿಮ್ಮ ಗೆಳೆಯ ಕಪ್ಪೆ ಮಾಮ ಹಳೆಯ ತೆಳು ಉಡುಪಿನಲ್ಲಿ ಇಳಿದು ಆಗಲೇ ಮುಕ್ಕಾಲು ಗಂಟೆಯಾಗಿತ್ತು. ಮೇಲೆ ಹಗ್ಗ ಹಿಡಿದವನು, "ಕೆಲಸ ಮುಗಿದಿಲ್ಲ, ಮೇಲಿನೋರು ಹೇಳಿಲ್ಲ" ಎಂದ. ಅವನ ಕೈಯಿಂದ ಹಗ್ಗ ಕಿತ್ತುಕೊಂಡು ನಾಲ್ಕು ಸಲ ಜಗ್ಗಿದೆ. ನಾಲ್ಕು ಸಲ ಎಂದರೆ ಮೇಲೆ ಬಾ ಎಂದು ಚಿಕ್ಕವಳಿದ್ದಾಗ ನೀವಿಬ್ಬರೂ ಕಲಿಸಿದ್ದು. ಉತ್ತರ ಬರಲಿಲ್ಲ. ಮತ್ತೆ ಜಗ್ಗಿದೆ. ಆಮೇಲೆ ಹಗ್ಗದವನಿಗೂ ಗಾಬರಿಯಾಗಿ ಇಬ್ಬರೂ ಸೇರಿ ಎಳೆದೆವು.

ಮಾಮನ ತುಟಿ ನೀಲಿಯಾಗಿತ್ತು. ಬೆಲ್ಟಿನ ಕೊಕ್ಕೆ ಬಿಚ್ಚಲು ಬೆರಳು ಬಗ್ಗಲಿಲ್ಲ. ಕಂಬಳಿ ಹೊದಿಸುವಾಗ ನನ್ನ ಮುಖ ನೋಡಿ, ಕುಡಿದವರ ಹಾಗೆ ತೊದಲುತ್ತ, ನಿಮ್ಮ ಹೆಸರು ಹಿಡಿದು ಕರೆದರು ಅಪ್ಪ. "ಹತ್ತು ಅಂತ ನೀನೇ ಬರ್ದಿದ್ದಲ್ಲೋ" ಎಂದರು. ನನಗೆ ಅಳು ಬರಲಿಲ್ಲ. ಅಂಥ ಸಿಟ್ಟು ನನ್ನೊಳಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಎರಡು ದಿನ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾರೆ, ಗಾಬರಿಯಾಗಬೇಡಿ. ನಿನ್ನೆ ನೋಡಲು ಹೋದಾಗ ಕಾಫಿ ಬಿಸಿಯಿಲ್ಲವೆಂದು ಅತ್ತೆಯನ್ನು ಬೈಯುತ್ತಿದ್ದರು.

ನನಗೆ ನೋಟಿಸು ಬಂದಿದೆ. ಅನುಮತಿಯಿಲ್ಲದೆ ಕೆಲಸ ನಿಲ್ಲಿಸಿದ್ದು, ಮೇಲಧಿಕಾರಿಗೆ ಎದುರಾಡಿದ್ದು, ಎರಡು ತಪ್ಪು. ಎರಡನ್ನೂ ಒಪ್ಪಿಕೊಂಡು, ಮತ್ತೆ ಅಂಥ ದಿನ ಬಂದರೆ ಮತ್ತೆ ಮಾಡುತ್ತೇನೆಂದು ಕೆಳಗೆ ಬರೆದು ಕೊಟ್ಟಿದ್ದೇನೆ. ಬುಧವಾರದಿಂದ ಜೆಟ್ಟಿಯ ಗೇಟಿನ ಕಪ್ಪು ಹಲಗೆಯ ಮೇಲೆ ದಿನದ ಅಂಕಿಯನ್ನು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದು ಸಹಿ ಹಾಕುತ್ತಿದ್ದೇನೆ. ಮೊದಲ ದಿನ ಯಾರೋ ಒರೆಸಿದರು, ಮತ್ತೆ ಬರೆದೆ. ಮಧ್ಯಾಹ್ನ ಮತ್ತೆ ಒರೆಸಿದರು. ಗುರುವಾರ ಮುಳುಗುಗಾರರೇ ಹಲಗೆಯ ಮುಂದೆ ಬೆಂಚು ಹಾಕಿಕೊಂಡು ಕೂತರು. ಈ ಹುಡುಗಿ ಬರೆದದ್ದನ್ನು ಕಣ್ಣಾರೆ ನೋಡದೆ ನೀರಿಗೆ ಕಾಲಿಡುವುದಿಲ್ಲವೆಂದು ಒಬ್ಬೊಬ್ಬರೂ ಹೇಳಿದರು. ಅಲ್ಲಿಂದ ಕೆಲಸ ನಿಂತಿದೆ. ಇವತ್ತು ಆರೂಕಾಲು. ಕೆಲಸ ಬಿಟ್ಟು ತನ್ನ ಮನೆಗೆ ಬಂದುಬಿಡು ಎಂದು ಅಣ್ಣ ಹೇಳುತ್ತಾನೆ. ಬರುವುದಿಲ್ಲವೆಂದು ಅವನಿಗೆ ಹೇಳಿ.

ಕಣ್ಣಿಗೆ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೊಳ್ಳಿ. ಅತ್ತಿಗೆಗೆ, ಅಣ್ಣನಿಗೆ ನನ್ನ ನಮಸ್ಕಾರ. ನಿಮ್ಮ ಪಾದಕ್ಕೆ ಹಣೆ ಹಚ್ಚಿದ್ದೇನೆಂದು ತಿಳಿಯಿರಿ.

ನಿಮ್ಮ
ಮೊಂಡು ಮಗಳು

ತಡೆಯಿರಿ, ಇದೇ ಮುಖ್ಯ. ಲಕೋಟೆ ಅಂಟಿಸುವಾಗ ಟೈಪಿಸ್ಟ್ ಅಕ್ಕ ಇಲ್ಲಿಗೇ ಓಡಿ ಬಂದು ಹೇಳಿದಳು. ಸೂಪರಿಂಟೆಂಡೆಂಟರು ಈ ವಾರ ಹಣ್ಣು ಹಿಡಿದುಕೊಂಡು ನಿಮ್ಮನ್ನು ನೋಡಲು ಬರುತ್ತಾರಂತೆ. ಜೇಬಿನಲ್ಲಿ ಒಂದು ಕಾಗದ ಇರುತ್ತದೆ. ನಮ್ಮ ಥರ್ಮಾಮೀಟರು ನಿಮ್ಮ ಕಾಲದಿಂದಲೂ ನಾಲ್ಕು ಡಿಗ್ರಿ ಕಡಿಮೆಯೇ ತೋರಿಸುತ್ತಿತ್ತು ಎಂದು ಅದರಲ್ಲಿದೆ. ಅಂದರೆ ಅವರ ಹತ್ತು ನಿಜ, ನೀವು ಬರೆದ ಇಪ್ಪತ್ತಾರು ಚಳಿಗಾಲವೂ ಸುಳ್ಳು. ಕಣ್ಣು ಕಾಣದ ಹೊತ್ತಿನಲ್ಲಿ, ರಜೆಯ ಅರ್ಜಿ ಅಂತಲೋ ಪಿಂಚಣಿ ಅಂತಲೋ ಹೇಳಿ ಸಹಿ ಹಾಕುವ ಜಾಗ ತೋರಿಸುತ್ತಾರೆ. ಅತ್ತಿಗೆ, ಆಗ ಪಕ್ಕದಲ್ಲೇ ನಿಂತಿರಿ. ಹಣ್ಣು ತೆಗೆದುಕೊಳ್ಳಿ, ಸಹಿ ಹಾಕಬೇಡಿ ಅಪ್ಪ.