ಮೇಣದಲ್ಲಿ ಅದ್ದಿದ ಪಟ್ಟಿಗಳು

ಜೂನ್ ೩, ಮಂಗಳವಾರ

ಬಡಗಿಗೆ ಸುಳ್ಳು ಹೇಳಿದೆ. ಅದೇ ಕೊರೆಯುತ್ತಿದೆ.

ಮಲಗುವ ಕೋಣೆಯ ಕಿಟಕಿ ಚೌಕಟ್ಟನ್ನು ಇವತ್ತು ಬಿಚ್ಚಿಸಿದೆ. ಕೆಳಗಿನ ಮರ ಮಳೆಗೆ, ಬಿಸಿಲಿಗೆ ರಸ್ಕಿನ ಹಾಗಾಗಿತ್ತು. ಉಳಿ ತಾಗಿದರೆ ಸಾಕು, ಪುಡಿ ಉದುರುತ್ತಿತ್ತು. ಹನ್ನೊಂದು ವರ್ಷ ಅದಕ್ಕೆ ಹೊರಗಿನಿಂದ ಪುಟ್ಟಿ ಮೆತ್ತಿ ಬಣ್ಣ ಬಳಿದವನು ನಾನೇ. ಪ್ರತಿ ಮಳೆಗಾಲ ಮುಗಿದಾಗಲೂ ಎದೆ ಉಬ್ಬಿಸಿ ಹೆಂಡತಿಯನ್ನು ಕೇಳುತ್ತಿದ್ದೆ: "ನೋಡೇ, ಒಂದು ಹನಿಯಾದ್ರೂ ಒಳಗೆ ಬಂತಾ?"

"ಇಲ್ಲಪ್ಪ, ನಿಮ್ಮ ಕೈ ಅಂದ್ರೆ ಕೈ!" ಅಂತ ನಗುತ್ತಿದ್ದಳು.

ಅವಳು ಹೋಗಿ ಎಂಟು ತಿಂಗಳು.

ಪರದೆಯ ಹಿಂದೆ, ಚೌಕಟ್ಟಿಗೂ ಗೋಡೆಗೂ ನಡುವಿದ್ದ ಸಂದಿನಿಂದ ಬಡಗಿ ಬಟ್ಟೆಯ ಪಟ್ಟಿಗಳನ್ನು ಒಂದೊಂದಾಗಿ ಎಳೆದ. ಎಲ್ಲ ನನ್ನ ಹಳೇ ಅಂಗಿಗಳದ್ದೇ. ಮೇಣದಲ್ಲಿ ಅದ್ದಿ, ಒಳಗಿನಿಂದ ಒತ್ತಿ ತುರುಕಿದ್ದಾಳೆ. ಎಲ್ಲಕ್ಕಿಂತ ಮೇಲಿದ್ದದ್ದು ನೀಲಿ ಗೆರೆಯ ಅಂಗಿ, ಹೋದ ವರ್ಷ ಹರಿದದ್ದು. ಆ ಮಳೆಗಾಲದಲ್ಲಿ ಅವಳಿಗೆ ಹಾಸಿಗೆಯಿಂದ ಏಳಲೂ ಆಗುವುದಿಲ್ಲ ಅಂದುಕೊಂಡಿದ್ದೆ.

"ನೀರು ತಡೆದದ್ದು ಇದೇ ಸಾರ್, ಆ ಪುಟ್ಟಿ ಅಲ್ಲ. ಯಾರು ಮಾಡಿದ್ದು? ಒಳ್ಳೇ ಕೆಲಸ," ಅಂದ ಬಡಗಿ.

"ನಾನೇ," ಅಂದುಬಿಟ್ಟೆ. ಹಳೇ ಚಾಳಿ, ನಾಲಿಗೆ ತುದಿಯಲ್ಲೇ ಇತ್ತು.

ಪಟ್ಟಿಗಳನ್ನು ಅವನು ಕಸಕ್ಕೆ ಎಸೆದಿದ್ದ. ಅವನು ಹೋದ ಮೇಲೆ ಎತ್ತಿಟ್ಟುಕೊಂಡೆ. ನಾಳೆ ಬಂದಾಗ ನಿಜ ಹೇಳಬೇಕು. ಹೇಳುತ್ತೇನೋ ಇಲ್ಲವೋ.

ಕಿಟಕಿಯ ಜಾಗಕ್ಕೆ ಸಂಜೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಅದು ಮಾತ್ರ ಪೂರ್ತಿ ನನ್ನದೇ ಕೆಲಸ. ಈಗ ಮಳೆ ಶುರುವಾಗಿದೆ. ಹಾಸಿಗೆಯಲ್ಲಿ ಅವಳ ಕಡೆ ಒದ್ದೆಯಾಗುತ್ತಿದೆ.